ಕೈಗೆ ಕಾಣುವ ಕೋಣೆ

ಕೊಪ್ಪದ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ನಾನು ಇಪ್ಪತ್ತೆಂಟು ವರ್ಷ ಆಯಾ ಆಗಿದ್ದೆ. ಓದಿದ್ದು ಮೂರನೇ ಕ್ಲಾಸು. ಈಗ ಹೇಳಹೊರಟಿರುವುದು ನಿವೃತ್ತಿಯಾದ ಎರಡನೇ ವರ್ಷ, ಏಪ್ರಿಲ್ ಕೊನೆಯಿಂದ ಶಾಲೆ ಬಾಗಿಲು ತೆಗೆಯುವವರೆಗೆ ನಾನು ಮಾಡಿದ ಒಂದು ಕೆಲಸದ ವಿಷಯ. ಸಂಬಳದ ಕೆಲಸ ಮುಗಿದ ಮೇಲೆ ಮಾಡಿದ್ದಾದರೂ ಕಲಿತದ್ದೆಲ್ಲ ಹಾಸ್ಟೆಲ್ಲಿನಲ್ಲೇ ಆದ್ದರಿಂದ ಇದನ್ನೂ ನನ್ನ ವೃತ್ತಿಗೇ ಸೇರಿಸುತ್ತೇನೆ.

ಹಾಸ್ಟೆಲ್ಲಿನಲ್ಲಿ ಒಂದು ಹಾಲಿಗೆ ನಲವತ್ತು ಹುಡುಗಿಯರು. ಒಬ್ಬೊಬ್ಬಳಿಗೆ ಒಂದು ಮಂಚ, ಮಂಚದ ಕೆಳಗೆ ಒಂದು ತಗಡಿನ ಟ್ರಂಕು. ಮಳೆಗಾಲದಲ್ಲಿ ಕರೆಂಟು ಹೋದರೆ ಎರಡು ಮೂರು ದಿನ ಬರುತ್ತಿರಲಿಲ್ಲ. ಹಾಗೆಂದು ಶಾಲೆ ಕಾಯುತ್ತದೆಯೇ? ಅದಕ್ಕೆ ಹೊಸ ಹುಡುಗಿ ಬಂದ ದಿನವೇ ಟ್ರಂಕು ಜೋಡಿಸುವುದನ್ನು ಕಲಿಸುತ್ತಿದ್ದೆ. ಎಡಕ್ಕೆ ಒಳಬಟ್ಟೆ, ನಡುವೆ ಯೂನಿಫಾರ್ಮು, ಬಲಕ್ಕೆ ಮನೆಬಟ್ಟೆ, ಮೂಲೆಯ ಡಬ್ಬಿಯಲ್ಲಿ ಬಾಚಣಿಗೆ ಮತ್ತು ರಿಬ್ಬನ್ನು. ಕಣ್ಣಿಗೆ ಬಟ್ಟೆ ಕಟ್ಟಿ ಪರೀಕ್ಷೆ ಮಾಡುತ್ತಿದ್ದೆ. ಅಳುವವರು ಅಳುತ್ತಿದ್ದರು. ಒಂದು ವಾರದಲ್ಲಿ ಕಲಿಯುತ್ತಿದ್ದರು.

ಹಾಗೆ ಅತ್ತು ಕಲಿತವರಲ್ಲಿ ಶಾರದಾ ಒಬ್ಬಳು. ಅವಳನ್ನು ಕಮ್ಮರಡಿಗೆ ಮದುವೆ ಮಾಡಿ ಕೊಟ್ಟಿದ್ದರು. ಆ ಏಪ್ರಿಲ್ಲಿನಲ್ಲಿ ನನ್ನನ್ನು ಹುಡುಕಿಕೊಂಡು ಬಂದಳು. ಅವಳ ಮಗಳು ಸಿಂಚನಾಳಿಗೆ ಏಳು ವರ್ಷ. ಕಣ್ಣಿನ ನರದ ಕಾಯಿಲೆಯಿಂದ ದೃಷ್ಟಿ ಕಡಿಮೆಯಾಗುತ್ತಾ ಹೋಗಿ ಈಗ ಬೆಳಕು, ಕತ್ತಲೆ ಇಷ್ಟೇ ತಿಳಿಯುತ್ತಿತ್ತು. ಇನ್ನು ಔಷಧಿಯಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಊರಿನ ಶಾಲೆಯ ಮೇಷ್ಟರು ಸೇರಿಸಿಕೊಳ್ಳಲು ಒಪ್ಪಿದ್ದರು. ಆದರೆ ಶಾರದಾಳ ಗಂಡ ರವಿ ದೂರದ ಊರಿನ ಅಂಧ ಮಕ್ಕಳ ವಸತಿ ಶಾಲೆಗೆ ಅರ್ಜಿ ತುಂಬಿಸಿಟ್ಟಿದ್ದ. ನನಗೆ ಕಲಿಸಿದ ಹಾಗೇ ಅವಳಿಗೂ ಕಲಿಸಿ ಎಂದು ಶಾರದಾ ಕೇಳಿಕೊಂಡಳು.

ಕಮ್ಮರಡಿಗೆ ಹೋಗಿ, ಯಾಕೆ ಎಂದು ರವಿಯನ್ನೇ ಕೇಳಿದೆ. ಅವನು ಗೂಡ್ಸ್ ಆಟೋ ಓಡಿಸುವವನು, ಮಾತು ನೇರ.

"ಗಿರಿಜಕ್ಕ, ಅವಳು ಒಂದು ಲೋಟ ನೀರೂ ತಾನಾಗಿ ತಗೊಳಲ್ಲ. ನಾವಿಬ್ರೂ ಏಳೂವರೆಗೆ ಮನೆ ಬಿಡ್ತೀವಿ. ಅಮ್ಮನಿಗೆ ಮಂಡಿನೋವು. ಇನ್ನೆಷ್ಟು ದಿನ ಎತ್ಕೊಂಡು ತಿರುಗ್ತಾರೆ? ಅಲ್ಲಾದ್ರೆ ಕಲಿಸ್ತಾರೆ."

ಅವನ ಮಾತಿನಲ್ಲಿ ತಪ್ಪೇನಿರಲಿಲ್ಲ. "ಶಾಲೆ ಶುರುವಾಗೋ ದಿನ ಅವಳು ತಾನೇ ತಯಾರಾಗಿ ಜಗಲಿಗೆ ಬಂದು ನಿಂತ್ರೆ?" ಎಂದೆ.

"ಅರ್ಜಿ ಕಳಿಸಲ್ಲ."

"ನಿಲ್ಲದಿದ್ರೆ ನಾನೇ ಪೋಸ್ಟ್ ಮಾಡಿ ಬರ್ತೀನಿ, ಹೋಗು" ಎಂದೆ.

ಅವರ ಮನೆಯಲ್ಲೇ ಉಳಿದುಕೊಂಡೆ. ಜಗಲಿಯ ಪಕ್ಕದಲ್ಲೊಂದು ಸಣ್ಣ ಕೋಣೆಯಿತ್ತು. ಗೋಣಿಚೀಲ, ಕಾಲು ಮುರಿದ ಕುರ್ಚಿ, ಹಳೆ ಹೊಲಿಗೆ ಯಂತ್ರ, ಯಾರದ್ದೋ ಮದುವೆಯ ಪಾತ್ರೆ ಎಲ್ಲ ಅಲ್ಲಿದ್ದವು. ಅಷ್ಟನ್ನೂ ಅಟ್ಟಕ್ಕೆ ಸಾಗಿಸಿದೆವು. ರವಿ ಮಂಚದ ಕಾಲು ಕೊಯ್ದು ತಗ್ಗಿಸಿದ. ಮಂಚವನ್ನು ಗೋಡೆಗೆ ಒತ್ತಿಸಿ, ಬಾಗಿಲಿನಿಂದ ಮಂಚದವರೆಗೆ ತೆಂಗಿನ ನಾರಿನ ಚಾಪೆ ಹಾಸಿಸಿದೆ. ಕಾಲಿಗೆ ಚಾಪೆ ಸಿಕ್ಕಿದರೆ ದಾರಿ ಸರಿಯಿದೆ ಎಂದು ಅರ್ಥ. ಬಟ್ಟೆಗೆ ಸಾಲಾಗಿ ಮೊಳೆ ಹೊಡೆದೆ. ಯೂನಿಫಾರ್ಮಿನ ಮೊಳೆಗೆ ಹುರಿ ಸುತ್ತಿದೆ, ಮನೆಬಟ್ಟೆಯ ಮೊಳೆ ಬರಿದು. ಒಂದು ಡಬ್ಬಿಯ ಮುಚ್ಚಳಕ್ಕೆ ಒಂದು ಗುಂಡಿ ಅಂಟಿಸಿದೆ, ಇನ್ನೊಂದಕ್ಕೆ ಎರಡು. ಇದಕ್ಕೆ ಟ್ಯಾಕ್ಟೈಲ್ ಮಾರ್ಕಿಂಗ್ ಅನ್ನುತ್ತಾರೆ, ಅಂದರೆ ಮುಟ್ಟಿ ಗುರುತು ಹಿಡಿಯುವ ಗುರುತು ಎಂದು ಆಮೇಲೆ ಅವಳ ಶಾಲೆಗೆ ಬರುವ ವಿಶೇಷ ಶಿಕ್ಷಕಿ ತಿಳಿಸಿದರು. ನನಗೆ ಅದು ಗುಂಡಿ.

ಸಿಂಚನಾ ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದಳು. ಹತ್ತು ದಿನದಲ್ಲಿ ಒಂದಷ್ಟು ರೂಢಿಯಾಯಿತು. ಆದರೂ ಪೂರ್ತಿ ಆಗಿರಲಿಲ್ಲ. ಅಜ್ಜಿ ಪುಟ್ಟಮ್ಮ, ಅಂದರೆ ರವಿಯ ತಾಯಿ, ಬಾಗಿಲಲ್ಲೇ ನಿಂತು, "ಪಾಪ, ಬಿಡೇ ಕೂಸು, ನಾ ಕೊಡ್ತೆ" ಎಂದು ತಾನೇ ಎತ್ತಿಕೊಡುತ್ತಿದ್ದಳು.

"ಪುಟ್ಟಮ್ಮ, ನಿಮಗೆ ಮಂಡಿನೋವಲ್ವಾ? ಹೋಗಿ ಕೂತ್ಕೊಳಿ."

"ನನ್ನ ಮನೇಲಿ ನಂಗೇ ಕೂರ್ಲಿಕ್ಕೆ ಹೇಳ್ತೀಯಲ್ಲ ಮಾರಾಯ್ತಿ" ಎಂದಳು. ಕೂರಲಿಲ್ಲ.

ಮೇ ಎರಡನೇ ವಾರ ನಾನು ನಾಲ್ಕು ದಿನ ನನ್ನ ಮನೆಗೆ ಹೋಗಿದ್ದೆ. ನಮ್ಮ ಕಡೆ ಮಳೆ ಹಿಡಿಯುವ ಮೊದಲು ಹಾಸಿಗೆ, ಕಂಬಳಿ, ಬಟ್ಟೆಬರೆ ಎಲ್ಲವನ್ನೂ ಅಂಗಳದಲ್ಲಿ ಬಿಸಿಲಿಗೆ ಹರಡಿ, ಗುಡಿಸಿ ಒರೆಸಿ, ಮತ್ತೆ ಒಳಗಿಡುತ್ತಾರೆ. ಮಾಡದ ಮನೆಯಿಲ್ಲ. ಪುಟ್ಟಮ್ಮನೂ ಮಾಡಿದಳು. ಸಿಂಚನಾಳ ಕೋಣೆಯನ್ನೂ ಬಿಡಲಿಲ್ಲ. ತಿರುಗಿ ಜೋಡಿಸುವಾಗ ಇನ್ನೂ ಚಂದ ಕಾಣಲೆಂದು ಮಂಚವನ್ನು ಕಿಟಕಿಯ ಕೆಳಗೆ ಎಳೆಸಿದ್ದಳು, ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿದ್ದಳು, ಚಾಪೆ ತೊಳೆದದ್ದು ಒಣಗಿಲ್ಲವೆಂದು ಹೊರಗೇ ಬಿಟ್ಟಿದ್ದಳು. ಮಗು ಮಂಚ ಇದ್ದ ಜಾಗವನ್ನೇ ನಂಬಿ ಕೂರಲು ಹೋಗಿ ನೆಲಕ್ಕೆ ಬಿತ್ತು. ತುಟಿ ಒಡೆಯಿತು.

ನಾನು ಬಂದಾಗ ಸಿಂಚನಾ ಅಡುಗೆಮನೆಯ ಮೂಲೆಯಲ್ಲಿ ಕೂತಿದ್ದಳು. ಕೋಣೆಗೆ ಹೋಗಲ್ಲ ಎಂದು ಹಟ. ರವಿ ಅರ್ಜಿಯನ್ನು ಕವರಿಗೆ ಹಾಕಿ ಕಪಾಟಿನ ಮೇಲಿಟ್ಟಿದ್ದ. ಪುಟ್ಟಮ್ಮ ಅಳುತ್ತಿದ್ದಳು. ಅವಳನ್ನು ಬೈಯಬೇಕೆಂದೇ ಬಂದಿದ್ದೆ. ಅದಕ್ಕೆ ಮೊದಲು ಮಗುವನ್ನು ಕೋಣೆಗೆ ಕರೆದುಕೊಂಡು ಹೋಗಿ, "ಯೂನಿಫಾರ್ಮಿನ ಮೊಳೆ ಅಲ್ಲೇ ಇದೆ ನೋಡು, ಅದನ್ನು ಯಾರೂ ಕಿತ್ತಿಲ್ಲ" ಎಂದೆ.

ಅವಳು ತುದಿಗಾಲಲ್ಲಿ ನಿಂತು ಕೈ ಚಾಚಿದಳು. ಹುರಿ ಬೆರಳ ತುದಿಗೆ ಅಷ್ಟೇ ಸಿಕ್ಕಿತು.

"ಹಾಸ್ಟೆಲ್ ಅಜ್ಜಿ, ಈ ಮೊಳೆ ನಿಮಗಾ, ನಂಗಾ?"

ಮೊಳೆ ಹೊಡೆಯುವಾಗ ಹಾಸ್ಟೆಲ್ಲಿನ ಅಳತೆಯನ್ನೇ ಹಿಡಿದಿದ್ದೆ, ಹೈಸ್ಕೂಲು ಹುಡುಗಿಯರ ಎತ್ತರ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಹಾಸ್ಟೆಲ್ಲಿನಲ್ಲಿ ನಾನು ಯಾವ ಹುಡುಗಿಯ ಟ್ರಂಕನ್ನೂ ಜೋಡಿಸಿ ಕೊಟ್ಟಿರಲಿಲ್ಲ. ಅವರವರ ಕೈಯಿಂದಲೇ ಮಾಡಿಸುತ್ತಿದ್ದೆ, ಆಮೇಲೆ ವಾರ್ಡನ್ ಕೂಡ ಮುಟ್ಟುವಂತಿರಲಿಲ್ಲ. ಇವಳಿಗೆ ಕಣ್ಣಿಲ್ಲವೆಂದು ನಾನೇ ಎಲ್ಲ ಜೋಡಿಸಿ ಕಂಠಪಾಠ ಮಾಡಿಸಿದ್ದೆ. ಪುಟ್ಟಮ್ಮ ಮಾಡಿದ್ದಕ್ಕೂ ನಾನು ಮಾಡಿದ್ದಕ್ಕೂ ಏನು ವ್ಯತ್ಯಾಸ? ಬೈಗುಳ ನುಂಗಿಕೊಂಡೆ.

ಮೊಳೆಗಳನ್ನೆಲ್ಲ ಕಿತ್ತೆ. ಎಲ್ಲ ಸಾಮಾನನ್ನೂ ನಡುಕೋಣೆಯಲ್ಲಿ ರಾಶಿ ಹಾಕಿ, "ಇದು ನಿನ್ನ ಕೋಣೆ. ಎಲ್ಲಿ ಎಂತ ಇಡಬೇಕು, ನೀನೇ ಇಡು" ಎಂದೆ.

ಎರಡು ದಿನ ಹಿಡಿಯಿತು. ಮಂಚ ಹಳೆಯ ಜಾಗಕ್ಕೆ ಬರಲಿ ಎಂದಳು, ಆದರೆ ದಿಂಬು ಕಿಟಕಿಯ ಕಡೆಗೆ, ಬೆಳಗಾದದ್ದು ಮುಖಕ್ಕೆ ತಿಳಿಯಬೇಕಂತೆ. ಅವಳು ಕೈಯಿಟ್ಟು ತೋರಿಸಿದ ಕಡೆ ನಾನು ಮೊಳೆ ಹೊಡೆದೆ, ಹುರಿಯನ್ನು ಅವಳೇ ಸುತ್ತಿದಳು. ಕಾಲುಚೀಲವನ್ನು ಬಟ್ಟೆಯ ಜೊತೆ ಇಡಲಿಲ್ಲ, ಶೂಗಳ ಒಳಗೇ ತುರುಕಿದಳು. ಬಾಚಣಿಗೆಗೆ ದಾರ ಕಟ್ಟಿ ಮಂಚದ ಕಾಲಿಗೆ ಬಿಗಿದಳು. ನೀರಿನ ಚೊಂಬನ್ನು ಬಾಗಿಲ ಹಿಂದೆ ಇಟ್ಟಾಗ, ಕಾಲು ತಾಗಿ ಚೆಲ್ಲುತ್ತದೆ ಎಂದು ಹೇಳಲು ಬಾಯಿ ತೆರೆದು ಮುಚ್ಚಿಕೊಂಡೆ. ಚೆಲ್ಲಿತು. ಅವಳೇ ಒರೆಸಿ ಜಾಗ ಬದಲಿಸಿದಳು. ಕೊನೆಗೆ ಬಾಗಿಲಿಗೆ ಬಂದು, "ಅಜ್ಜಿ, ಇನ್ನು ಮುಟ್ಟಿದ್ರೆ ನಂಗೆ ಗೊತ್ತಾಗ್ತದೆ" ಎಂದಳು.

"ಮುಟ್ಟಲ್ವೇ ಕೂಸು" ಎಂದಳು ಪುಟ್ಟಮ್ಮ. ಆ ದಿನದಿಂದ ಹೊಸ್ತಿಲ ಹೊರಗೇ ನಿಂತು ಗುಡಿಸಲು ಪೊರಕೆಯನ್ನಷ್ಟೇ ಒಳಗೆ ಚಾಚುತ್ತಿದ್ದಳು.

ಶಾಲೆ ಶುರುವಾಗುವ ದಿನ ಬೆಳಿಗ್ಗೆ ಗಾಳಿಮಳೆಗೆ ಕರೆಂಟು ಹೋಗಿತ್ತು. ಮೋಡಕ್ಕೆ ಮನೆಯೊಳಗೆ ಮುಖ ಕಾಣುತ್ತಿರಲಿಲ್ಲ. ನಾನು ಹಿಂದಿನ ದಿನವೇ ಬಂದು ಉಳಿದಿದ್ದೆ. ಸಿಂಚನಾ ಮೊದಲ ಹಂಡೆಯ ನೀರಿನಲ್ಲೇ ಸ್ನಾನ ಮುಗಿಸಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಗದ್ದಲ.

"ಶಾರದಾ, ನನ್ನ ಶರಟು ಎಲ್ಲಿ?"

"ನಂಗೆ ಬೆಂಕಿಪೊಟ್ಟಣವೇ ಸಿಗ್ತಿಲ್ಲ, ನಿಮ್ಮ ಶರಟು ಎಲ್ಲಿಂದ ತರ್ಲಿ?"

"ನನ್ನ ಕನ್ನಡಕ ಯಾರು ತೆಗೆದ್ರಿ?" ಇದು ಪುಟ್ಟಮ್ಮ.

ಬಾಗಿಲು ತೆರೆಯಿತು. ಯೂನಿಫಾರ್ಮಿನ ಗುಂಡಿ ಸರಿಯಿತ್ತು, ಎರಡು ಜಡೆ, ಕಾಲಲ್ಲಿ ಶೂ, ಬೆನ್ನಿಗೆ ಚೀಲ. ಒಂದು ರಿಬ್ಬನ್ನು ಮಾತ್ರ ಸೊಟ್ಟಗಿತ್ತು. ಗೋಡೆ ಸವರಿಕೊಂಡು ಜಗಲಿಗೆ ಹೋಗಿ ನಿಂತಳು.

"ಅಪ್ಪ, ನಿಮ್ದು ಇನ್ನೂ ಆಗ್ಲಿಲ್ವಾ? ಎಲ್ಲಿ ಇಟ್ಟಿದ್ದೀರಿ ಅಂತ ನೆನಪಿಟ್ಕೊಬೇಕಪ್ಪ."

ಶಾರದಾಳಿಗೆ ನಗು ತಡೆಯಲಿಲ್ಲ. ರವಿಯದ್ದಿನ್ನೂ ಸ್ನಾನವಾಗಿರಲಿಲ್ಲ, ಬಚ್ಚಲ ಒಲೆಯಲ್ಲಿ ಒದ್ದೆ ಸೌದೆ ಹೊಗೆಯಾಡುತ್ತಿತ್ತು. ಕಪಾಟಿನ ಮೇಲೆ ತಡಕಾಡಿ ಕವರು ತೆಗೆದ. ಅರ್ಜಿಯನ್ನು ಉದ್ದಕ್ಕೆ ಹರಿದು ಒಲೆಗೆ ತುರುಕಿ ಊದಿದ. ಸೌದೆ ಹತ್ತಿಕೊಂಡಿತು.

ಸಿಂಚನಾ ಈಗ ಊರಿನ ಶಾಲೆಯಲ್ಲೇ ನಾಲ್ಕನೇ ಕ್ಲಾಸು. ನಾನು ಓದಿದ್ದಕ್ಕಿಂತ ಒಂದು ಜಾಸ್ತಿ.

ಆಮೇಲಿಂದ ಶೃಂಗೇರಿ, ನರಸಿಂಹರಾಜಪುರದ ಕಡೆಯಿಂದಲೂ ಮಕ್ಕಳ ಕೋಣೆ ಜೋಡಿಸಿಕೊಡಿ ಎಂದು ಕರೆಯುತ್ತಾರೆ. ಕಣ್ಣು ಚೆನ್ನಾಗಿರುವ ಮಕ್ಕಳೇ ಹೆಚ್ಚು. ತಾಯಂದಿರು ಫೋನಿನಲ್ಲಿ ಚಂದದ ಕೋಣೆಗಳ ಚಿತ್ರ ತೋರಿಸುತ್ತಾರೆ. ನೋಡಿ ಫೋನು ವಾಪಸು ಕೊಡುತ್ತೇನೆ. ಇಪ್ಪತ್ತೆಂಟು ವರ್ಷ ಮಾಡಿದ ಕೆಲಸ ನನಗೆ ಅರ್ಥವಾದದ್ದು ಒಂದು ಮಗು ಕೇಳಿದ ಪ್ರಶ್ನೆಯಿಂದ. ಹಾಗಾಗಿ ಈಗ ಮೊದಲು ಮಗುವನ್ನು ಗೋಡೆಗೆ ನಿಲ್ಲಿಸಿ ಕೈಯೆತ್ತು ಎನ್ನುತ್ತೇನೆ. ಬೆರಳು ಮುಟ್ಟಿದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತೇನೆ. ಸುತ್ತಿಗೆ ಆಮೇಲೆ.