ಬೊಂಬಿನ ಸದ್ದಿಗೆ ಒಳಬಂದ ಕಾಲು

ಎಂಬತ್ತರ ದಶಕದ ಮೊದಲ ವರ್ಷಗಳಿರಬೇಕು. ಯಾವ ವರ್ಷ ಎಂದು ನನಗೆ ಖಚಿತವಿಲ್ಲ. ಹೆಂಡತಿ ಹೇಳುವ ವರ್ಷವನ್ನೂ ನಾನು ನಂಬುವುದಿಲ್ಲ. ಮದುವೆಯಾಗಿ ಕೊಲ್ಲಿ ದೇಶದ ಹೂರಾ ಬಡಾವಣೆಯ ಫ್ಲ್ಯಾಟಿನಲ್ಲಿ ಸಂಸಾರ ಹೂಡಿದ ಹೊಸತು. ಅವಳು ಆಸ್ಪತ್ರೆಯಲ್ಲಿ ನರ್ಸ್. ಅಲ್ಲಿನ ಸಿಬ್ಬಂದಿಯ ವಾರ್ಷಿಕ ಕೂಟಕ್ಕೆಂದು ಫಿಲಿಪೀನ್ಸಿನ ಹಿರಿಯ ನರ್ಸ್ ಒಬ್ಬರು ತಮ್ಮ ನಾಡಿನ ಟಿನಿಕ್ಲಿಂಗ್ ಕುಣಿತ ಕಲಿಸುತ್ತಿದ್ದರು. ಗಂಡ ಹೆಂಡತಿ ಜೋಡಿಯಾಗಿ ಕುಣಿಯಬಹುದು ಎಂದಾಗ ನನ್ನವಳು ನನ್ನನ್ನು ಕೇಳದೆಯೇ ಹೆಸರು ಕೊಟ್ಟು ಬಂದಳು. ಬಾಯಲ್ಲಿ ಗೊಣಗಿದರೂ ಒಳಗೊಳಗೆ ಖುಷಿಯಾಗಿತ್ತು. ಅವಳ ಡ್ಯೂಟಿ, ನನ್ನ ಆಫೀಸುಗಳ ನಡುವೆ ನಾವಿಬ್ಬರೂ ಜೊತೆಯಾಗಿ ಮಾಡುವ ಕೆಲಸವೆಂದರೆ ಅದೊಂದೇ ಆಗಲಿತ್ತು.

ಶುಕ್ರವಾರ ಸಂಜೆ ನರ್ಸುಗಳ ಹಾಸ್ಟೆಲಿನ ತಾರಸಿಯಲ್ಲಿ ಅಭ್ಯಾಸ. ಇಬ್ಬರು ನೆಲದ ಮೇಲೆ ಕುಳಿತು ಎರಡು ಉದ್ದ ಬೊಂಬುಗಳ ತುದಿ ಹಿಡಿಯುತ್ತಾರೆ. ಅವನ್ನು ಅಗಲಿಸಿ ಎರಡು ಸಲ ನೆಲಕ್ಕೆ ತಟ್ಟುವಾಗ ನಮ್ಮ ಕಾಲು ನಡುವೆ ಇರಬೇಕು. ಒಂದಕ್ಕೊಂದು ಫಟ್ಟೆಂದು ಬಡಿಯುವಾಗ ಹೊರಗಿರಬೇಕು. ಎಂ.ಎ. ಓದಿದವನಿಗೆ ಅರ್ಥವಾಗದ ವಿಷಯವೇನಲ್ಲ. ಉಳಿದವರಿಗೆ ವಿವರಿಸಿಯೂ ಕೊಟ್ಟೆ.

ಆದರೆ ಫಟ್ಟೆಂದಾಗಲೆಲ್ಲ ನನ್ನ ಕಾಲು ಒಳಗೇ ಊರುತ್ತಿತ್ತು. ಊರಿನ ಭಜನಾ ಮಂದಿರದಲ್ಲಿ ಚಿಕ್ಕಂದಿನಿಂದ ದೀಪದ ಸುತ್ತ ಕುಣಿದವನು ನಾನು. ಅಲ್ಲಿ ತಾಳದ ಜೋರು ಪೆಟ್ಟಿಗೇ ಹೆಜ್ಜೆ ಬೀಳಬೇಕು. ದೇವರ ಮೇಲಿನ ನಂಬಿಕೆ ಕಾಲೇಜಿಗೆ ಹೋದಾಗಲೇ ಹೋಗಿತ್ತು. ಈ ಅಭ್ಯಾಸ ಹೋಗಿರಲಿಲ್ಲ.

"ಸರ್, ಇದು ಬಲೆ ತಪ್ಪಿಸಿಕೊಳ್ಳುವ ಗದ್ದೆಹಕ್ಕಿಯ ಕುಣಿತ," ಎಂದು ಹಿರಿಯ ನರ್ಸ್ ಇಂಗ್ಲಿಷಿನಲ್ಲಿ ಹೇಳಿದರು. "ನೀವು ಬಲೆ ಹುಡುಕಿಕೊಂಡು ಬರುವ ಹಕ್ಕಿ."

ಬೊಂಬು ಹಿಡಿದಿದ್ದ ಉಡುಪಿ ಕಡೆಯ ಲ್ಯಾಬ್ ಟೆಕ್ನಿಶಿಯನ್ ನಕ್ಕ. "ಎಂತ ಮಾರಾಯ್ರೆ, ಅಷ್ಟು ಓದಿದ್ದೀರಿ, ಓದು ಸೊಂಟದಿಂದ ಕೆಳಗೆ ಇಳಿಲೇ ಇಲ್ವಾ?"

"ನೀನು ಸ್ವಲ್ಪ ಮೆಲ್ಲ ಬಡಿ ಮಾರಾಯ!"

"ಮೆಲ್ಲ ಬಡಿದ್ರೆ ಅದು ಕುಣಿತ ಅಲ್ಲ, ಚಪಾತಿ ಲಟ್ಟಿಸಿದ ಹಾಗೆ."

ಹೆಂಡತಿಗೆ ಬೇಗ ಬಂದಿತ್ತು. ನಮ್ಮ ಕಡೆ ಆಗ ಹುಡುಗಿಯರನ್ನು ಭಜನೆಯಲ್ಲಿ ಕುಣಿಯಲು ಬಿಡುತ್ತಿರಲಿಲ್ಲ. "ಸದ್ದು ಕೇಳಿದ ಕೂಡ್ಲೆ ಹೊರಗೆ ಹಾರ್ಬೇಕು. ನೀವು ಯಾಕೆ ಒಳಗೆ ಬರ್ತೀರಿ?" ಎಂದು ಮನೆಯಲ್ಲಿ ನನ್ನ ಬಾತ ಕಾಲಿಗೆ ಮುಲಾಮು ಹಚ್ಚುತ್ತ ಗದರುತ್ತಿದ್ದಳು.

ಸದ್ದೇ ಕೇಳದಿದ್ದರೆ? ಕೊನೆಯ ಅಭ್ಯಾಸಕ್ಕೆ ಕಿವಿಗೆ ಹತ್ತಿ ತುರುಕಿಕೊಂಡು, ಬೊಂಬನ್ನೇ ದಿಟ್ಟಿಸುತ್ತ ಕುಣಿದೆ. ಒಂದು ಪೆಟ್ಟೂ ಬೀಳಲಿಲ್ಲ. ಗೆದ್ದೆ ಎಂದು ತಲೆ ಎತ್ತಿದರೆ ಹೆಂಡತಿ ಆಚೆ ನಿಂತಿದ್ದಳು. ಹಾಡು ಮುಗಿದು ಎಷ್ಟು ಹೊತ್ತಾಗಿತ್ತೋ, ಲ್ಯಾಬ್ ಟೆಕ್ನಿಶಿಯನ್ ತಮಾಷೆಗೆ ಬೊಂಬು ಬಡಿಯುತ್ತಲೇ ಇದ್ದ. ಎದುರಿಗಿದ್ದವಳು ಸರಿದುಹೋದದ್ದೂ ನನಗೆ ಗೊತ್ತಾಗಿರಲಿಲ್ಲ. ಹಿರಿಯ ನರ್ಸ್ ಆಂಬುಲೆನ್ಸ್ ಓಡಿಸುವ ಫಿಲಿಪಿನೊ ಹುಡುಗನನ್ನು ಕರೆದು ಅವಳ ಎದುರು ನಿಲ್ಲಿಸಿದರು.

ಕೂಟದ ದಿನ ನಾನು ಕುರ್ಚಿಯಲ್ಲಿ ಕುಳಿತು ನೋಡಿದೆ. ಕುಣಿತ ಮುಗಿಸಿ ಅವಳು ಏದುಸಿರು ಬಿಡುತ್ತ ಪಕ್ಕಕ್ಕೆ ಬಂದು ಕೂತಳು.

"ಹೇಗಿತ್ತು?"

"ಆ ಹುಡುಗ ಎರಡು ಕಡೆ ತಪ್ಪಿದ."

"ನಾನು ಹೇಗಿದ್ದೆ ಅಂತ ಕೇಳಿದ್ದು."

ಅಂದು ತೊಟ್ಟಿದ್ದ ಉಬ್ಬು ತೋಳಿನ ಉಡುಪು ಹಳದಿ ಎಂದು ಅವಳು ಈಗಲೂ ಹೇಳುತ್ತಾಳೆ. ನಾನು ಕೆಂಪು ಎಂದು ವಾದಿಸುತ್ತೇನೆ. ನಿಜವಾಗಿ ನನಗೆ ನೆನಪಿರುವುದು ನಾಲ್ಕು ಪಾದಗಳು ಮಾತ್ರ.