ಗುಳಿಗೊಂದು ಗುಳಿಗೆ

ನನ್ನ ಪಿಲ್ ಬಾಕ್ಸಿಗೆ ಹದಿನಾಲ್ಕು ಮುಚ್ಚಳ. ವಾರದ ಏಳು ದಿನಕ್ಕೆ ಬೆಳಿಗ್ಗೆಯದೊಂದು ಸಾಲು, ಸಂಜೆಯದೊಂದು ಸಾಲು. ಭಾನುವಾರ ತುಂಬಿಸುವಾಗ ಮಾತ್ರೆ ಪ್ಲಾಸ್ಟಿಕ್ಕಿಗೆ ಬಿದ್ದು ಟಿಕ್ ಎನ್ನುತ್ತದೆ. ಮರದ ಗುಳಿಯಲ್ಲಿ ಆ ಸದ್ದು ಇದಕ್ಕಿಂತ ಮೆತ್ತಗಿತ್ತು. ಕೋಲಾರದ ನಮ್ಮ ಹಳೆಯ ಮನೆಯಲ್ಲಿ (ಅಲ್ಲೀಗ ಟೊಮೆಟೊ ಕ್ರೇಟುಗಳ ಗೋಡೌನ್) ಅಜ್ಜಿಯದೊಂದು ಅಳಗುಳಿ ಮಣೆ ಇತ್ತು. ನಿಮ್ಮ ಮನೆಯಲ್ಲೂ ಇದ್ದಿರಬಹುದು. ಎರಡು ಸಾಲು, ಸಾಲಿಗೆ ಏಳು ಗುಳಿ. ಹಾರ್ಟಿಗೆ ಔಷಧಿ ಶುರುವಾದ ಮೇಲೆ, ಓದು ಬಾರದ ಅಜ್ಜಿ ಹುಣಸೆ ಬೀಜಗಳನ್ನು ಡಬ್ಬಿಗೆ ಸುರಿದು ಅಟ್ಟಕ್ಕೇರಿಸಿ, ಕಾಂಪೌಂಡರ್ ಪೊಟ್ಟಣ ಕಟ್ಟಿ ಕೊಟ್ಟ ಮಾತ್ರೆಗಳನ್ನು ಆ ಮಣೆಯಲ್ಲಿ ಹಂಚಿಟ್ಟಳು. ಮೇಲಿನ ಸಾಲು ಹಾರ್ಟಿನದು, ಬೆಳಿಗ್ಗೆಗೆ; ಕೆಳಗಿನದು ನಿದ್ದೆಯದು. "ಗುಳಿಗೊಂದು ಗುಳಿಗೆ ಕಣೇ! ನಿನ್ನ ಇಂಗ್ಲಿಷಲ್ಲಿ ಹಿಂಗೆ ಬರುತ್ತಾ?" ಎಂದು ಕಾನ್ವೆಂಟಿನಿಂದ ಬಂದ ನನ್ನನ್ನು ಕೆಣಕುತ್ತಿದ್ದಳು.

ಒಂದು ಬುಧವಾರ ಅಜ್ಜಿ ಮಲಗಿದ್ದಾಗ ನಾನೂ ಪಕ್ಕದ ಮನೆಯ ಜುಬೇದಾಳೂ ಪೊಟ್ಟಣದಲ್ಲಿ ಉಳಿದವನ್ನೂ ಸುರಿದುಕೊಂಡು ಮಾತ್ರೆಗಳಲ್ಲೇ ಆಟ ಹೂಡಿದೆವು. ಎರಡೂ ಬಗೆಯವು ಬಿಳಿ, ಒಂದೇ ಗಾತ್ರ. ಅಜ್ಜಿ ಎದ್ದು ಬರುವಾಗ ಎಲ್ಲವೂ ನನ್ನ ಮಡಿಲಲ್ಲಿದ್ದವು. "ಸರಿಪೋಯಿಂದಿ!" ಎಂದಳು, ಗಾಬರಿಗೆ ಅವಳಿಗೆ ತೆಲುಗೇ ಆಗಬೇಕು. ಆಮೇಲೆ ಕೇಳಿದಳು, "ಗೆದ್ದೋಳು ಯಾರೇ?" ಯಾವುದು ಯಾವುದೆಂದು ಹೇಳುವವರಿರಲಿಲ್ಲ. "ನಿಮ್ಮಪ್ಪಂಗೆ ಹೇಳ್ಬೇಡ, ಚರ್ಮ ಸುಲೀತಾನೆ. ಶನಿವಾರ ಹೊಸದು ತರ್ತಾನಲ್ಲ, ಅಲ್ಲೀವರೆಗೂ ನುಂಗದಿದ್ರೆ ನಂಗೇನಾಗಲ್ಲ." ಶುಕ್ರವಾರಕ್ಕೆ ಅವಳ ಪಾದಗಳು ಊದಿ ಚಪ್ಪಲಿಗೆ ಹೋಗಲಿಲ್ಲ. ಅಪ್ಪ ಕೇಳಿದರೆ "ಬಿಸಿಲಿಗೆ ಕಣೋ" ಅಂದಳು. ನಾನು ಬಾಗಿಲ ಮರೆಯಲ್ಲಿದ್ದೆ. ಸಿಸ್ಟರ್ ದಿನಾ ಕಲಿಸುತ್ತಿದ್ದ ಆನೆಸ್ಟಿ ಆ ಬಾಗಿಲು ದಾಟಲಿಲ್ಲ. ಶನಿವಾರ ಬಂತು, ಊತ ಇಳಿಯಿತು. ನಾನು ಯಾರಿಗೂ ಹೇಳಲಿಲ್ಲ. ಎರಡು ವರ್ಷದ ಮೇಲೆ ಒಂದು ಗುರುವಾರ ಮಧ್ಯಾಹ್ನ ಅಜ್ಜಿ ಹೋದಳು. ಮಣೆಯಲ್ಲಿ ಐದು ಗುಳಿ ಇನ್ನೂ ತುಂಬಿದ್ದವು.

ಈಗ ನನಗೂ ಎಪ್ಪತ್ತು ದಾಟಿದೆ. ಮಾತ್ರೆ ನುಂಗಿದೆನೋ ಇಲ್ಲವೋ ಎಂದು ಎಷ್ಟೋ ಸಂಜೆ ನೆನಪೇ ಆಗುವುದಿಲ್ಲ. ಮುಚ್ಚಳ ಎತ್ತಿ ನೋಡುತ್ತೇನೆ, ಖಾಲಿಯಿದ್ದರೆ ನುಂಗಿದ್ದೇನೆ. ಆಟದಲ್ಲಿ ಖಾಲಿ ಗುಳಿ ಎದುರಾದರೆ ಅದನ್ನು ಬೆರಳಲ್ಲಿ ಸವರಬೇಕು, ಆಗ ಮುಂದಿನ ಗುಳಿಯಲ್ಲಿ ಇದ್ದಷ್ಟೂ ನಮ್ಮದು ಎಂದು ಅಜ್ಜಿ ಹೇಳಿಕೊಟ್ಟಿದ್ದಳು. ನಾನು ಸವರುತ್ತೇನೆ. ಮುಂದಿನದು ನಾಳೆಯದು. ಅದರ ಮುಚ್ಚಳ ಮಾತ್ರ ಮುಟ್ಟುವುದಿಲ್ಲ.