ಕಿವಿಮೇಸ್ತ್ರಿಗೆ ಕೇಳದ ಸದ್ದು

ಮೋಟಾರು ಕೆಲಸದವರ ಓಣಿಯಲ್ಲಿ ಅವನನ್ನು ಎಲ್ಲರೂ ಕಿವಿಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ನಿಂತನೆಂದರೆ ಒಳಗೆ ಯಾವುದು ನರಳುತ್ತಿದೆ ಎಂದು ಹೇಳಿಬಿಡುತ್ತಿದ್ದ. ಹಳೇ ಕಾಲದ ಕಾರುಗಳನ್ನು ಜೋಪಾನವಾಗಿ ಇಟ್ಟುಕೊಂಡವರು ಎಲ್ಲೆಲ್ಲಿಂದಲೋ ಹುಡುಕಿಕೊಂಡು ಬರುತ್ತಿದ್ದರು. ಬಿಚ್ಚುವುದು, ಜೋಡಿಸುವುದು, ಬಿಗಿಯುವುದು ತಮ್ಮನ ಪಾಲು. ಕೇಳಿ ತೀರ್ಪು ಕೊಡುವುದು ಅಣ್ಣನ ಪಾಲು.

ಹೊಸದಾಗಿ ಕಟ್ಟಿದ ಎಂಜಿನ್ನನ್ನು ಅವರು ನೇರ ಕಾರಿಗೆ ಇಳಿಸುತ್ತಿರಲಿಲ್ಲ. ಅಂಗಳದಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿ, ಮುಂದೆ ರೇಡಿಯೇಟರ್, ಪಕ್ಕದಲ್ಲಿ ಬ್ಯಾಟರಿ, ಮೇಲೆ ಗೂಟಕ್ಕೊಂದು ಪೆಟ್ರೋಲ್ ಡಬ್ಬಿ ಕಟ್ಟಿ ಅಲ್ಲೇ ಓಡಿಸಿ ನೋಡುತ್ತಿದ್ದರು. ಎಡವಟ್ಟೇನಾದರೂ ಇದ್ದರೆ ಅಲ್ಲೇ ಬಯಲಾಗಲಿ ಅಂತ.

ಕೆಲವು ವರ್ಷಗಳ ಹಿಂದೆ ಹೀಗೇ ಒಂದು ಎಂಜಿನ್ ಓಡಿಸುವಾಗ ತಮ್ಮ ತಲೆ ಎತ್ತಿ, "ಅಣ್ಣಾ, ಕೆಳಗೆಲ್ಲೋ ಬಡಿದ ಹಾಗಿದೆ ನೋಡು," ಅಂದಿದ್ದ. ಮೇಸ್ತ್ರಿ ಕಿವಿ ಹಚ್ಚಿದ. ಏನೂ ಕೇಳಲಿಲ್ಲ. ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಾಯಿಸುವುದು, ಮಾತಾಡುವವರ ತುಟಿ ನೋಡುವುದು ಆಗಲೇ ಶುರುವಾಗಿತ್ತು. ಆದರೆ ಗಿರಾಕಿ ಎದುರಿಗೇ ನಿಂತಿದ್ದ. "ಎಲ್ಲಿ ಬಡೀತಿದೆ? ನಿನ್ನ ತಲೆ! ಇಳಿಸೋ ಕಾರಿಗೆ," ಅಂದುಬಿಟ್ಟ.

ಆ ಕಾರು ಹೆದ್ದಾರಿಯ ಮಧ್ಯೆ ನಿಂತುಹೋಯಿತು. ಪಿಸ್ಟನ್ನಿನ ರಾಡು ಕಳಚಿ ಎಂಜಿನ್ನಿನ ಹೊಟ್ಟೆಯನ್ನೇ ಸೀಳಿತ್ತು. ಯಾರಿಗೂ ಪೆಟ್ಟಾಗಲಿಲ್ಲ, ಸದ್ಯ. ಗಿರಾಕಿ ಬಂದು ಕೂಗಾಡಿದಾಗ ಮೇಸ್ತ್ರಿ ತಮ್ಮನ ಕಡೆ ಬೆರಳು ತೋರಿಸಿದ: "ಬೋಲ್ಟ್ ಬಿಗಿ ಮಾಡೋದು ಇವನ ಕೆಲಸ ಸ್ವಾಮಿ." ತಮ್ಮ ಸ್ಪಾನರ್ ಕೆಳಗಿಟ್ಟ. ಸ್ವಲ್ಪ ದಿನಕ್ಕೆ ಬಸ್ ಡಿಪೋದಲ್ಲಿ ಕೆಲಸ ಹಿಡಿದು ಗ್ಯಾರೇಜು ಬಿಟ್ಟ. ಆಮೇಲೆ ನೆಂಟರ ಮನೆಯಲ್ಲಿ ಎದುರಾದರೆ ಎರಡು ಮಾತು, ಅಷ್ಟೇ.

ಈಚೆಗೆ ಒಬ್ಬರು ನಿವೃತ್ತ ನರ್ಸಮ್ಮ ತಂದೆಯ ಕಾಲದ ಕಾರು ತಂದರು. ಮೇಸ್ತ್ರಿ ಒಬ್ಬನೇ ಎಂಜಿನ್ ಬಿಚ್ಚಿ ಕಟ್ಟಿದ. ಓಡಿಸುವ ದಿನ ಕೈಗೊಬ್ಬರು ಬೇಕಲ್ಲ ಎಂದು ಹೆಂಡತಿಯನ್ನು ಆಯಿಲ್ ಗೇಜಿನ ಮುಂದೆ ನಿಲ್ಲಿಸಿದ. "ಮುಳ್ಳು ಕೆಳಗಿಳಿದರೆ ಕೂಗು." ಎಂಜಿನ್ ಎರಡು ಸಲ ಕೆಮ್ಮಿ, ಹೊಗೆ ಉಗುಳಿ, ಓಟ ಹಿಡಿಯಿತು. ನರ್ಸಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡೇ ನಕ್ಕರು.

"ರೀ, ಮುಳ್ಳು ಸರಿಯಾಗೇ ಇದೆ," ಅಂದಳು ಹೆಂಡತಿ. "ಆದ್ರೆ ಇದೇನು, ಹೊಲಿಗೆ ಮಷಿನ್ ಥರ ಟಿಕಟಿಕ ಅಂತಿದೆ?"

ಮೇಸ್ತ್ರಿ ಸ್ಕ್ರೂಡ್ರೈವರ್ ಹಚ್ಚಿದ. ಈ ಕಿವಿ, ಆ ಕಿವಿ. ದೂರದಲ್ಲೆಲ್ಲೋ ಗಾಳಿ ಬೀಸಿದಂತೆ ಒಂದು ಗುಂಯ್ ಮಾತ್ರ.

"ನನಗೂ ಕೇಳ್ತಿದೆ ಮೇಸ್ತ್ರಿ," ಅಂದರು ನರ್ಸಮ್ಮ.

"ಅದೇನಿಲ್ಲಮ್ಮ, ಹೊಸದಾಗಿ ಕಟ್ಟಿದ್ದಲ್ವಾ..." ಎನ್ನುತ್ತಿದ್ದವನ ನಾಲಿಗೆ ಅಲ್ಲೇ ನಿಂತಿತು. ಎಂಜಿನ್ ಆರಿಸಿದ. "ನಾಡಿದ್ದು ಬನ್ನಿ," ಎಂದು ಅವರನ್ನು ಕಳಿಸಿಕೊಟ್ಟ.

ಮೇಲಿನ ಮುಚ್ಚಳ ತೆಗೆದು ನೋಡಿದರೆ ವಾಲ್ವು ತೆರೆಯುವ ಒಂದು ಟ್ಯಾಪೆಟ್ಟಿನ ನಟ್ಟು ಸಡಿಲ; ಟಿಕಟಿಕ ಅದರದೇ. ತಾನೇ ಬಿಗಿದ ನಟ್ಟು. ಸ್ಪಾನರ್ ಹಾಕಿ ತಿರುವಿದರೆ ಮುಗಿಯಿತು. ತಿರುವಿಯೂ ಆಯಿತು. ಆದರೆ ಸ್ಟೂಲಿನ ಮೇಲೆ ಕೂತವನು ಏಳಲೇ ಇಲ್ಲ.

"ಸರಿಹೋಯ್ತಲ್ಲ, ಮತ್ಯಾಕೆ ಮುಖ ಹೀಗೆ?" ಅಂದಳು ಹೆಂಡತಿ.

"ನನಗೆ ಕೇಳಲೇ ಇಲ್ಲ ಕಣೇ."

"ಅದೇನು ಹೊಸದಾ? ಕುಕ್ಕರ್ ಕೂಗಿದ್ರೂ ನಿಮಗೆ ಕೇಳಲ್ಲ."

"ಆವತ್ತೂ ಕೇಳಿರಲಿಲ್ಲ."

ಯಾವತ್ತು ಎಂದು ಅವಳು ಕೇಳಲಿಲ್ಲ. ಮುಖದ ಮೇಲಿನ ನಗೆ ಇಳಿದುಹೋಯಿತು. "ನನ್ನ ಹತ್ರ ಹೇಳಿದ್ರೆ ಏನು ಬಂತು?" ಎಂದಷ್ಟೇ ಹೇಳಿ ಒಳಗೆ ಹೋದಳು. ಅವಳು ಬೈದಿದ್ದರೂ ಅಷ್ಟು ಚುಚ್ಚುತ್ತಿರಲಿಲ್ಲ.

ಮಧ್ಯಾಹ್ನ ಡಿಪೋಗೆ ಹೋದ. ಬಸ್ಸೊಂದರ ಚಕ್ರದ ನಟ್ಟು ಬಿಗಿಯುತ್ತಿದ್ದ ತಮ್ಮ. ಬಿಗಿದು ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು ಮತ್ತೆ ಬಿಗಿದ. ಪಕ್ಕದ ಫಿಟ್ಟರ್ ನಗುತ್ತ, "ಇವರು ಮುಟ್ಟಿದ ನಟ್ಟನ್ನ ಇವರೇ ನಂಬಲ್ಲ. ದಿನಾ ಇದೇ ಗೋಳು," ಅಂದ.

"ನಿನ್ನ ಹತ್ರ ಒಂದು ಮಾತಿದೆ," ಎಂದು ತಮ್ಮನನ್ನು ಗೋಡೆಯ ಮರೆಗೆ ಕರೆದ. "ಆವತ್ತು ನೀನು ಬಡೀತಿದೆ ಅಂದ್ಯಲ್ಲ, ಬಡೀತಿದ್ದಿರಬೇಕು. ನನ್ನ ಕಿವಿ ಆಗಲೇ ಹೋಗಿತ್ತು. ಗೊತ್ತಿದ್ದೂ ಮುಚ್ಚಿಟ್ಟು ನಿನ್ನ ತಲೆಗೆ ಕಟ್ಟಿದೆ."

ಕೈಗೆ ಮೆತ್ತಿದ ಗ್ರೀಸು ಒರೆಸುತ್ತಲೇ ಇದ್ದ ತಮ್ಮ. "ಬೋಲ್ಟ್ ಬಿಗಿ ಮಾಡಿದ್ನೋ ಇಲ್ವೋ ನನಗೇ ಗೊತ್ತಿಲ್ಲ ಅಣ್ಣಾ. ನೀನು ಹೇಳಿದ ಮೇಲೆ ನಾನೇ ಇರಬೇಕು ಅಂದ್ಕೊಂಡೆ. ಬಡಿಯೋದು ಮಾತ್ರ ಚೆನ್ನಾಗಿ ಕೇಳಿಸ್ತಿತ್ತು. ನೀನು ಇಲ್ಲ ಅಂದೆ. ಆವತ್ತಿಂದ ನನ್ನ ಕಿವೀನೂ ನಂಬಲ್ಲ, ಕೈನೂ ನಂಬಲ್ಲ."

"ನಿನ್ನ ಕಿವಿ ಸರಿಯಾಗೇ ಇತ್ತು ಕಣೋ."

"ಇದನ್ನ ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ?" ಎಂದ ತಮ್ಮ, ಬೆನ್ನು ತಿರುಗಿಸಿ ಬಸ್ಸಿನ ಕಡೆ ನಡೆದ.

ಮನೆಗೆ ಬಂದ ಮೇಸ್ತ್ರಿ ಆ ಹಳೇ ಗಿರಾಕಿಗೆ ಫೋನು ಮಾಡಿಸಿದ. ಮಾತಾಡಿದ್ದು ಹೆಂಡತಿ, ಅವನು ಪಕ್ಕದಲ್ಲಿ ನಿಂತು ಹೇಳಿಕೊಟ್ಟ: ತಪ್ಪು ನನ್ನದು, ತಮ್ಮನದಲ್ಲ. ಹೆಂಡತಿ ಫೋನಿಟ್ಟಳು. "ಯಾವ ತಮ್ಮ ಅಂತ ಕೇಳಿದ್ರು. ಅವರಿಗೆ ನೆನಪೇ ಇಲ್ವಂತೆ." ಊರೆಲ್ಲ ಮರೆತ ಮಾತನ್ನು ತಮ್ಮನೊಬ್ಬನೇ ಹೊತ್ತುಕೊಂಡು ತಿರುಗಿದ್ದ.

ನರ್ಸಮ್ಮ ಬರುವ ದಿನ ಬೆಳಿಗ್ಗೆ ಗೇಟಿನ ಸದ್ದು ಹೆಂಡತಿಗೇ ಮೊದಲು ಕೇಳಿದ್ದು. ತಮ್ಮ ನಿಂತಿದ್ದ; ಹಿಂದಿನ ದಿನ ಅವಳೇ ಹೇಳಿಕಳಿಸಿದ್ದಳು. ಅಣ್ಣನ ಮುಖ ನೋಡಲಿಲ್ಲ. "ಅತ್ತಿಗೆ, ಎಂಜಿನ್ ಎಲ್ಲಿ?" ಅಂದ. ಬಂದಿದ್ದು ನನಗಾಗಿಯೋ ಎಂಜಿನ್ನಿಗಾಗಿಯೋ ಎಂದು ಕೇಳುವ ಧೈರ್ಯ ಮೇಸ್ತ್ರಿಗೆ ಬರಲಿಲ್ಲ. ಬ್ಯಾಟರಿ ಜೋಡಿಸಿ ಎಂಜಿನ್ ಚಾಲೂ ಮಾಡಿದ. ತಮ್ಮ ಬಾಗಿ ಕೇಳಿದ, ತಲೆಯಾಡಿಸಿದ. ಆಮೇಲೆ ಅನುಮಾನ ಬಂದು ಆರಿಸಿ, ಮತ್ತೆ ಓಡಿಸಿ ಕೇಳಿದ. ಮೇಸ್ತ್ರಿ ತಲೆ ತಗ್ಗಿಸಿ ನಿಂತ.

ಅಷ್ಟರಲ್ಲಿ ಬಂದ ನರ್ಸಮ್ಮ, "ಈಗೇನಂತೀರಿ ಮೇಸ್ತ್ರಿ?" ಅಂದರು.

"ನನ್ನ ಕೇಳಬೇಡಿ ಅಮ್ಮಾ, ನನಗೆ ಕಿವಿ ಕೇಳಲ್ಲ," ಎಂದ ಮೇಸ್ತ್ರಿ, ಓಣಿಗೆಲ್ಲ ಕೇಳುವಷ್ಟು ಜೋರಾಗಿ. "ನನ್ನ ತಮ್ಮ ಹೇಳಿದ್ದೇ ಸರಿ."

"ಏನೂ ಸದ್ದಿಲ್ಲಮ್ಮ. ಇಳಿಸಬಹುದು," ಅಂದ ತಮ್ಮ.

ತಮ್ಮ ಗ್ಯಾರೇಜಿಗೆ ವಾಪಸು ಬರಲಿಲ್ಲ. ಡಿಪೋ ಕೆಲಸ ಬಿಡುವುದಿಲ್ಲ ಎಂದು ಅತ್ತಿಗೆಗೆ ಕಡ್ಡಿ ಮುರಿದ ಹಾಗೆ ಹೇಳಿದ. ಸ್ಟ್ಯಾಂಡಿನ ಮೇಲೆ ಎಂಜಿನ್ ಕೂತಿದೆ ಎಂದು ಅವಳು ಹೇಳಿಕಳಿಸಿದರೆ ಮಾತ್ರ ರಜೆಯ ದಿನ ಬರುತ್ತಾನೆ, ಕೇಳುತ್ತಾನೆ, ಚಹಾ ಕುಡಿದು ಹೋಗುತ್ತಾನೆ. ಅಣ್ಣನೊಂದಿಗೆ ಆಡುವ ಮಾತು ಈಗಲೂ ಕಮ್ಮಿಯೇ.